ಚಿಗವ್ವನ ಸಲುವಾಗಿ ಬರೆದ ಕಾಗದಗಳು

ಹೋದ ವಾರ ಕಾಗದದ ಕಟ್ಟೊಂದು ಮನೆಗೆ ಬಂತು. ಕೆಂಪು ರೇಷ್ಮೆ ಎಳೆಯಿಂದ ಅಡ್ಡಕ್ಕೂ ಉದ್ದಕ್ಕೂ ಬಿಗಿದು ನಡುವೆ ಗಂಟು ಹಾಕಿದ್ದರು. ಬಿಚ್ಚುವ ಮೊದಲೇ ಹಳೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನೂಲಿಗೆ ಗಂಜಿ ಕೊಡುವ ಮನೆಗಳಲ್ಲಿ ಆ ವಾಸನೆ ಬಟ್ಟೆಗೆ, ಗೋಡೆಗೆ, ಟ್ರಂಕಿಗೆ ಎಲ್ಲಕ್ಕೂ ಹತ್ತಿರುತ್ತದೆ. ಇಳಕಲ್ಲಿನ ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿಕೊಂಡಿದ್ದ ಮನೆಯಿಂದ ನನ್ನ ಬಾಲ್ಯವಿಡೀ ಅದೇ ವಾಸನೆ ಬರುತ್ತಿತ್ತು. ಕಟ್ಟು ತಂದವಳು ಆ ಮನೆಯ ಮಗಳು, ಈಗ ಗುಳೇದಗುಡ್ಡದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ.

"ದೊಡ್ಡವ್ವನ ಟ್ರಂಕಿನ್ಯಾಗ ಇತ್ತರಿ. ನಿಮಗ ಮುಟ್ಟಸು ಅಂತ ಹೇಳಿ ಇಟ್ಟಿದ್ಲು," ಎಂದಳು.

ಅವಳ ದೊಡ್ಡವ್ವ ತೀರಿಕೊಂಡು ತಿಂಗಳಾಗಿತ್ತು. ನಾನು ಆಕೆಯನ್ನು ಚಿಗವ್ವ ಎನ್ನುತ್ತಿದ್ದೆ. ಕಟ್ಟಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಮೈಯೆಲ್ಲ ಉರಿಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ತಣ್ಣಗಾಗಿಲ್ಲ, ಆಗುವುದೂ ಬೇಡ.

ಚಿಗವ್ವನ ಕೆಲಸ ಕೊಂಡಿ ಹಾಕುವುದು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಒಂದರ ಎಳೆಯ ಕೊಂಡಿಯಲ್ಲಿ ಇನ್ನೊಂದರ ಎಳೆಯನ್ನು ಸಿಕ್ಕಿಸುತ್ತ, ಸಾವಿರಾರು ಎಳೆಗಳನ್ನು ಕೈಯಿಂದಲೇ ಕೂಡಿಸಬೇಕು. ಅದಾದ ಮೇಲೆ ಗಂಡಸು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುತ್ತಾನೆ. ಕೂತವನು ನೇಕಾರ. ಕೂಡಿಸಿದವಳು ನೇಕಾರನ ಹೆಂಡತಿ. ಚಿಗವ್ವನ ಗಂಡ ಸತ್ತು ಮೈದುನ ಮಗ್ಗಕ್ಕೆ ಕೂತ ಮೇಲೆ ಆಕೆ ಅದೂ ಅಲ್ಲ, ಮೈದುನನ ಮನೆಯಲ್ಲಿರುವ ಅತ್ತಿಗೆ ಅಷ್ಟೇ. ಕೆಲಸ ಮಾತ್ರ ಅದೇ.

ನಮ್ಮಪ್ಪ ಸೀರೆ ವ್ಯಾಪಾರಿ. ಓಣಿಯ ಅರ್ಧ ಮಗ್ಗಗಳಿಗೆ ನೂಲು ಕೊಟ್ಟು ನೇಯಿಸುತ್ತಿದ್ದವರು ಅವರೇ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಆಗ ಹೇಳಬೇಕಾದಲ್ಲಿ ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ನಾನು ಹುನಗುಂದದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಸಂಜೆ ಬಸ್ಸಿಳಿದರೆ ನೇರ ಸೈಬರ್ ಕೆಫೆಗೆ. ಅಲ್ಲಿ ಎಡಪಂಥೀಯ ಕನ್ನಡಿಗರ ಇ-ಮೇಲ್ ಗುಂಪೊಂದಕ್ಕೆ ನಾನು ಸದಸ್ಯೆ. ಬೆಂಗಳೂರಿನವರು, ಮಂಗಳೂರಿನವರು, ಸಮುದ್ರದಾಚೆಯವರೂ ಕೆಲವರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿ ಕಳಿಸುತ್ತಿದ್ದೆವು. 'ನೇಕಾರರ ಓಣಿಯ ಹೆಣ್ಣುಮಗಳು' ಎಂದು ನನ್ನ ಪರಿಚಯ ಬರೆದುಕೊಂಡಿದ್ದೆ. ಸುಳ್ಳೇನಲ್ಲ. ಓಣಿ ನೇಕಾರರದ್ದೇ. ಆ ಓಣಿಯ ದೊಡ್ಡ ಮನೆ ನಮ್ಮದು ಎಂಬುದನ್ನು ಬರೆಯಲಿಲ್ಲ.

ಆ ವರ್ಷ ಚಿಗವ್ವನ ಕಣ್ಣು ಕೈಕೊಡತೊಡಗಿದವು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು ಮಸುಕು. ಬಾಗಲಕೋಟೆಯ ಡಾಕ್ಟರು, ಇದು ಪೊರೆಯಲ್ಲ, ಕಣ್ಣಿನೊಳಗಿನ ಒತ್ತಡ, ಬಿಡದೆ ಔಷಧ ಮಾಡಬೇಕು, ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದಿದ್ದರು. ಅದೇ ಹೊತ್ತಿಗೆ ಸರಕಾರ ನೇಕಾರರಿಗೆ ಕಾರ್ಡು ಕೊಡುವ ಸುದ್ದಿ ಬಂತು. ಕಾರ್ಡಿದ್ದವರಿಗೆ ದವಾಖಾನೆಯ ಖರ್ಚಿಲ್ಲ. ಮಗ್ಗಕ್ಕೆ ಕೂಡುವವರ ಹೆಸರನ್ನು ಹಾಗೇ ಬರೆದುಕೊಳ್ಳುತ್ತಾರೆ, ಉಳಿದವರು ತಾವು ನೇಕಾರಿಕೆ ಮಾಡುತ್ತೇವೆಂದು ಓದಿದವರೊಬ್ಬರಿಂದ ಬರೆಸಿ ತರಬೇಕು ಎಂದು ಡಂಗುರ ಹೊಡೆಸಿದರು. ಮರುದಿನವೇ ಚಿಗವ್ವ ಹಿತ್ತಲ ಬಾಗಿಲಿಗೆ ಬಂದಳು.

"ನೀ ಕಾಲೇಜಿನ್ಯಾಗ ಕಲಸ್ತೀ. ನಾಕ ಸಾಲು ಬರದು ಕೊಡು ತಂಗಿ, ಈಕಿ ಕೊಂಡಿ ಹಾಕ್ತಾಳ ಅಂತ."

ನಾಲ್ಕು ಸಾಲು. ಆದರೆ ಹಿಂದಿನ ದಿನವಷ್ಟೇ ಊಟಕ್ಕೆ ಕೂತಾಗ ಅಪ್ಪ ಅಂದಿದ್ದರು: "ಕೊಂಡಿ ಹಾಕೋ ಹೆಂಗಸರಿಗೆಲ್ಲಾ ನೇಕಾರರಂತ ಕಾರ್ಡ್ ಕೊಟ್ರ, ನಾಳೆ ಅವರೂ ಕೂಲಿ ಕೇಳ್ತಾರ." ಬರೆದರೆ ಕೆಳಗೆ ನನ್ನ ಸಹಿ ಇರುತ್ತಿತ್ತು. ಊರಲ್ಲಿ ನನ್ನ ಹೆಸರು ನೋಡಿದವರಿಗೆ ಮೊದಲು ನೆನಪಾಗುವುದು ಅಪ್ಪ. ಹಾಗಾಗಿ ನಾನು ದೊಡ್ಡ ಮಾತು ಆಡಿದೆ. "ನಾ ಒಬ್ಬಾಕಿ ಬರದ್ರ ಏನ ಆಗ್ತೈತಿ ಚಿಗವ್ವ? ದೊಡ್ಡ ದೊಡ್ಡ ಮಂದಿ ಕಡೆ ಬರಸ್ತೇನಿ ತಡಿ," ಎಂದೆ. ಆಕೆಗೆ ಎಷ್ಟು ಸಮಾಧಾನವಾಯಿತೆಂದರೆ, ಅಲ್ಲೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು.

ಅದೇ ಸಂಜೆ ಗುಂಪಿಗೆ ಚಿಗವ್ವನ ವಿಷಯ ಬರೆದೆ. ಯಾರಾದರೂ ಒಂದು ಪತ್ರ ಬರೆದುಕೊಡಿ ಎಂದೆ. ಪತ್ರ ಬಿಟ್ಟು ಉಳಿದದ್ದೆಲ್ಲ ಬಂತು. ಗುಂಪಿನ ಹಿರಿಯರೊಬ್ಬರು, ಮೇಜುಕುರ್ಚಿಯಲ್ಲಿ ಕೂತು ಕಾರ್ಮಿಕರ ಬಗ್ಗೆ ಬರೆಯುವುದರಲ್ಲಿ ಎತ್ತಿದ ಕೈ ಅವರದು, ಹೀಗೆ ತೀರ್ಪು ಕೊಟ್ಟರು: ಮನೆಯಲ್ಲಿ ಮಗ್ಗವಿದೆ ಎಂದ ಮೇಲೆ ಆಕೆ ಉತ್ಪಾದನಾ ಸಾಧನ ಉಳ್ಳ ಕುಟುಂಬದವಳು, ಕೂಲಿ ಪಡೆಯದವಳು, ಆದ್ದರಿಂದ ಕಾರ್ಮಿಕಳಲ್ಲ. ಅದಕ್ಕೆ ಮಹಿಳಾವಾದಿಯೊಬ್ಬಳು, ಗಂಡಸಾದ ನಿಮಗೆ ಈ ಕುರಿತು ಬಾಯಿ ಬಿಡುವ ಹಕ್ಕೇ ಇಲ್ಲ ಎಂದಳು. ಇನ್ನೊಬ್ಬ, ಮೇಲ್ಜಾತಿಯ ನಿಮಗೂ ಇಲ್ಲ ಎಂದು ಅವಳಿಗೆ ಬರೆದ. ಮತ್ತೊಬ್ಬ ಮಹಾನುಭಾವ, ಇಂಟರ್ನೆಟ್ ಇರುವ ಯಾರಿಗೂ ಬಡವರ ಬಗ್ಗೆ ಮಾತಾಡುವ ಅರ್ಹತೆಯಿಲ್ಲವೆಂದು ಇಂಟರ್ನೆಟ್‌ನಲ್ಲೇ ಎರಡು ಪುಟ ಬರೆದ. ವರ್ಗ ಮೊದಲೋ, ಹೆಣ್ಣು ಮೊದಲೋ... ವಾರಗಟ್ಟಲೆ ಅದೇ. ಚಿಗವ್ವ ಎಲ್ಲರ ಬಾಯಲ್ಲೂ ಇದ್ದಳು, ಆಕೆಯ ಕಣ್ಣು ಯಾರಿಗೂ ನೆನಪಿರಲಿಲ್ಲ.

ನಾನೇನು ಸುಮ್ಮನಿದ್ದೆನೇ? ಹಿರಿಯರನ್ನು ಮಣ್ಣುಮುಕ್ಕಿಸಬೇಕೆಂಬ ಹಟ ನನಗೂ ಹಿಡಿದಿತ್ತು. ಪಾಠ ಮಾಡುವಾಗಲೂ ತಲೆಯಲ್ಲಿ ಉತ್ತರದ ವಾಕ್ಯಗಳೇ. ಒಂದು ಸಂಜೆ ಉದ್ದ ಪತ್ರ ಬರೆದೆ. ಅದನ್ನು ಭಾಳ ಜನ ಮೆಚ್ಚಿದರು. ಮೆಚ್ಚುಗೆ ಓದಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಈ ಚರ್ಚೆಯನ್ನೆಲ್ಲ ಪ್ರಿಂಟ್ ತೆಗೆಸಿ ಮನೆಯಲ್ಲಿ ಓದುತ್ತಿದ್ದೆ. ಚಿಗವ್ವ ನೋಡಿದಳು. ಆಕೆ ನಾಲ್ಕನೇ ಇಯತ್ತೆ ಓದಿದವಳು, ಕನ್ನಡ ಅಕ್ಷರ ಕೂಡಿಸಿ ಓದುತ್ತಿದ್ದಳು. ಇವು ಇಂಗ್ಲಿಷ್ ಅಕ್ಷರಗಳು.

"ಇದೆಲ್ಲಾ ನನ್ನ ಸಲುವಾಗಿ ಬರದದ್ದನ?"

"ಹೂಂ. ನಿನ್ನ ಬಗ್ಗೇನ ಐತಿ," ಎಂದೆ. ಇನ್ನೇನು ಹೇಳಲಿ? ಓದಿ ಮುಗಿಸಿದ ಹಾಳೆಗಳನ್ನು ಕೊಡು ಅಂದಳು, ಕೊಟ್ಟೆ. ಸೆರಗಿನಲ್ಲಿ ಸುತ್ತಿಕೊಂಡು ಹೋದಳು.

ಕಾರ್ಡಿಗೆ ಹೆಸರು ಬರೆದುಕೊಳ್ಳುವ ಶಿಬಿರದ ದಿನ ನಾನು ಕಾಲೇಜಿನಿಂದ ಬೇಗ ಬಂದೆ. ಓಣಿಯ ಸಮುದಾಯ ಭವನದಲ್ಲಿ ಮೇಜು ಹಾಕಿದ್ದರು. ಗುಮಾಸ್ತನ ಪಕ್ಕದ ಕುರ್ಚಿಯಲ್ಲಿ, ಊರ ಹಿರಿಯರೆಂದು, ನಮ್ಮಪ್ಪ. ಪಾಳಿಯಲ್ಲಿ ಚಿಗವ್ವ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಒಗೆದ ಸೀರೆ ಉಟ್ಟಿದ್ದಳು. ಕೈಯಲ್ಲಿ ಕೆಂಪು ರೇಷ್ಮೆ ಕಟ್ಟಿದ ಕಟ್ಟು. ನನಗೆ ತಿಳಿಯುವಷ್ಟರಲ್ಲಿ ಅದು ಮೇಜಿನ ಮೇಲಿತ್ತು.

"ಓದಿದವರು ಬರದು ಕೊಟ್ಟಾರ್ರಿ. ಒಬ್ಬರಲ್ಲ, ಭಾಳ ಮಂದಿ," ಎಂದಳು. ದನಿಯಲ್ಲಿ ಹೆಮ್ಮೆಯಿತ್ತು.

ಗುಮಾಸ್ತ ಬಿಚ್ಚಿ ಒಂದೊಂದೇ ಹಾಳೆ ತಿರುವಿದ. ಅವನ ತುಟಿ ಸೊಟ್ಟಗಾಯಿತು. ಒಂದು ಹಾಳೆ ಎತ್ತಿ ಎಲ್ಲರಿಗೂ ಕೇಳುವಂತೆ ಓದಿದ: ಈಕೆ ಕಾರ್ಮಿಕಳಲ್ಲ. ಆಮೇಲೆ, "ನಿಮ್ಮ ಮಂದೀನ ನೀ ಕೆಲಸಗಾರಳಲ್ಲ ಅಂತ ಬರದಾರಲ್ಲಬೇ ಯವ್ವಾ. ನಾ ಹೆಂಗ ಹೆಸರು ಬರ್ಕೊಳ್ಳಿ?" ಎಂದ. ಜನ ನಕ್ಕರು. ಅಪ್ಪನೂ ನಕ್ಕರು.

ಬಾಗಿಲ ಬಳಿ ನಿಂತಿದ್ದೆ ನಾನು. ಹತ್ತು ಹೆಜ್ಜೆ ಮುಂದೆ ಹೋಗಿ, ಈಕೆ ಕೊಂಡಿ ಹಾಕುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಹಾಳೆ ಕೊಡಿ, ಬರೆದುಕೊಡುತ್ತೇನೆ ಎನ್ನಬಹುದಿತ್ತು. ಪೆನ್ನು ಚೀಲದಲ್ಲಿತ್ತು. ಅಪ್ಪನ ಮುಖ ನೋಡಿದೆ, ಗೋಡೆಯ ಮರೆಗೆ ಸರಿದೆ. ಚಿಗವ್ವ ಹಾಳೆಗಳನ್ನು ಕೂಡಿಸಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದಳು. ಪಕ್ಕದ್ದು ಆಕೆಗೆ ಕಾಣುತ್ತಿರಲಿಲ್ಲ. ಆ ಕ್ಷಣ, ಥೂ, ಅದು ನನಗೆ ಒಳ್ಳೆಯದೇ ಆಯಿತು ಅನ್ನಿಸಿತ್ತು.

ಸಂಜೆ ಹಿತ್ತಲಿಗೆ ಬಂದಳು. ಅಳಲಿಲ್ಲ, ಕೂಗಾಡಲಿಲ್ಲ. "ಇದರಾಗ ಖರೆ ಏನ ಐತಿ, ಓದಿ ಹೇಳು," ಎಂದಳು. ನಾಲ್ಕಾರು ಹಾಳೆ ಓದಿದೆ. ಆಕೆ ಕೇಳಿಸಿಕೊಂಡು, "ಇವರ್ಯಾರೂ ನನ್ನ ನೋಡಿಲ್ಲಲ್ಲ. ನೋಡಲಾರದವರು ಏನರ ಬರೀಲಿ. ನೀ ಬರದದ್ದು ಯಾವುದು?" ಎಂದಳು.

"ನಂದು ಇದರಾಗ ಇಲ್ಲ ಚಿಗವ್ವ," ಎಂದೆ.

ಆಕೆ ಕಟ್ಟು ಕಟ್ಟಿಕೊಂಡು ಹೋದಳು. ಗುಂಪಿನಲ್ಲಿ ಅಷ್ಟರಲ್ಲಿ ಬೇರೆ ವಿಷಯಕ್ಕೆ ಜಗಳ ಶುರುವಾಗಿತ್ತು. ಕಾರ್ಡು ಸಿಗಲಿಲ್ಲ ಎಂದು ಬರೆದೆ, ಒಬ್ಬರು ವ್ಯವಸ್ಥೆಯನ್ನು ಬೈದು ಎರಡು ಸಾಲು ಹಾಕಿದರು. ವ್ಯವಸ್ಥೆಯಂತೆ! ಆ ಗುಂಪು ಬಿಟ್ಟೆ, ಮುಂದೆ ಅದೂ ಮುಚ್ಚಿಹೋಯಿತು. ಔಷಧ ಅರೆಬರೆಯಾಗಿ ಚಿಗವ್ವನ ಕಣ್ಣು ವರ್ಷದಿಂದ ವರ್ಷಕ್ಕೆ ಆರಿದವು. ಮರುವರ್ಷ ನನ್ನ ಮದುವೆಯ ಸೀರೆಗೆ ಕೊಂಡಿ ಹಾಕಿದವಳೂ ಆಕೆಯೇ, ಹೆಚ್ಚುಪಾಲು ಬೆರಳಿನ ಅಂದಾಜಿನ ಮೇಲೆ. "ಸೆರಗು ಛಲೋ ಕುಂತೈತಿ, ಉಟ್ಗೋ," ಎಂದಿದ್ದಳು. ಉಟ್ಟುಕೊಂಡೆ.

ಹೋದ ವಾರ ಕಟ್ಟು ಬಿಚ್ಚಿದಾಗ ಎಲ್ಲಕ್ಕಿಂತ ಮೇಲಿದ್ದದ್ದು ನನ್ನದೇ ಪತ್ರ, ಎಲ್ಲರೂ ಮೆಚ್ಚಿದ್ದು. ಪ್ರತಿ ಸಾಲಿನ ಕೆಳಗೂ ಅದೇ ಸಾಲು ಪೆನ್ಸಿಲ್‌ನಲ್ಲಿ, ಕನ್ನಡ ಅಕ್ಷರಗಳಲ್ಲಿ, ದುಂಡಗೆ.

"ಅದು ನಂದ ಅಕ್ಷರರಿ," ಎಂದಳು ಕಟ್ಟು ತಂದ ಹುಡುಗಿ. "ಕಾರ್ಡ್ ಕೊಡಲಿಲ್ಲಲ್ಲರಿ, ಅದರ ಮರುವಾರ. ದೊಡ್ಡವ್ವ ಕೂಡ್ರಿಸಿ ಬರಸಿದ್ಲು. ನಿಮ್ಮ ಹೆಸರಿರೋ ಹಾಳಿ ಹುಡುಕು ಅಂದಿದ್ಲು."

ಅಂದರೆ ಆಕೆಗೆ ಗೊತ್ತಿತ್ತು. ಮದುವೆ ಸೀರೆಗೆ ಕೊಂಡಿ ಹಾಕುವಾಗಲೂ ಗೊತ್ತಿತ್ತು. ಪತ್ರದ ನಡುವೆ ಚಪ್ಪಾಳೆಗೆಂದೇ ನಾನು ಬರೆದಿದ್ದ ವಾಕ್ಯವೊಂದಿತ್ತು: 'ಈ ಹೆಣ್ಣಿಗೆ ತನಗೆ ಅನ್ಯಾಯವಾಗುತ್ತಿದೆ ಎಂಬ ಅರಿವೇ ಇಲ್ಲ.' ನನ್ನ ಬಾಗಿಲಿಗೆ ಬಂದು, ತಾನು ಮಾಡುವ ಕೆಲಸಕ್ಕೆ ತನ್ನ ಹೆಸರು ಬರೆದುಕೊಡು ಎಂದು ಕೇಳಿದವಳ ಬಗ್ಗೆ ಹಾಗೆ ಬರೆದಿದ್ದೆ. ಹುಡುಗಿಯ ದುಂಡಕ್ಷರದ ಕೆಳಗೆ ಬೇರೆ ಕೈಯ ಒಂದೇ ಪದವಿತ್ತು. ದೊಡ್ಡ ದೊಡ್ಡ ಅಕ್ಷರ, ಸಾಲು ತಪ್ಪಿ ಓರೆಯಾಗಿತ್ತು.

'ಐತಿ.'

ಹುಡುಗಿ ಚಹಾ ಕುಡಿಯುತ್ತ ಕೂತಿದ್ದಳು. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು, ಚಿಗವ್ವನ ಹೆಸರು ಹಾಕಿ, ಈಕೆ ಕೊಂಡಿ ಹಾಕುವ ನೇಕಾರಳೆಂದು ನಾನು ಬಲ್ಲೆ ಎಂದು ನಾಲ್ಕು ಸಾಲು ಬರೆದೆ. ಕೆಳಗೆ ನನ್ನ ಹೆಸರು, ಅಪ್ಪನ ಹೆಸರು, ಸಹಿ. ತಲೆಯೆತ್ತಿ ನೋಡಿದರೆ ಅವಳ ಲೋಟದಲ್ಲಿ ಇನ್ನೂ ಅರ್ಧ ಚಹಾ ಇತ್ತು.