‘ಬಂದೆ’ ಎಂಬ ಬಟನ್

2023ರಲ್ಲಿ ನಾನು ತುಮಕೂರಿನ ಒಂದು ಸರಕು ವಿತರಣಾ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಡೇಟಾ ಎಕ್ಸಿಕ್ಯುಟಿವ್ ಆಗಿದ್ದೆ. ನಮ್ಮ ಗೋದಾಮಿನಿಂದ ಹೊರಟ ಲಾರಿಗಳು ಕುಣಿಗಲ್ ಮತ್ತು ಗುಬ್ಬಿ ಡಿಪೋಗಳನ್ನು ಎಷ್ಟು ಹೊತ್ತಿಗೆ ಮುಟ್ಟಿದವು, ಸರಕು ಎಷ್ಟು ಹೊತ್ತಿಗೆ ಇಳಿಯಿತು ಎಂದು ನೋಡುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಇದ್ದದ್ದನ್ನೂ, ಕಣ್ಣಿಗೆ ಬಿದ್ದದ್ದನ್ನೂ ಹೊತ್ತು ಸಮೇತ ಡೈರಿಯಲ್ಲಿ ಬರೆದಿಡುತ್ತಿದ್ದೆ.

ಜೂನ್ 6ರಂದು ಕುಣಿಗಲ್ ಡಿಪೋದಲ್ಲಿ ಮೀಟಿಂಗ್ ಇತ್ತು. ಅಲ್ಲಿನ ಇನ್‌ಚಾರ್ಜ್ ಸಿದ್ದರಾಜು, ಹದಿನಾಲ್ಕು ವರ್ಷದಿಂದ ಡಿಪೋ ನಡೆಸುತ್ತಿದ್ದವರು. ನಾನು ಕೈತೊಳೆದು ಬರುವಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಡೈರಿಯನ್ನು ಎತ್ತಿಕೊಂಡು ಹನ್ನೊಂದು ಜನರ ಮುಂದೆ ಓದುತ್ತಿದ್ದರು.

“10.12, ಸಿದ್ದರಾಜು ಟೀಗೆ ಹೋದರು. 10.31, ಬಂದರು. ಏನಮ್ಮ ಚಿತ್ರಗುಪ್ತ, ಬಚ್ಚಲಿಗೆ ಹೋಗಿದ್ದು ಬರ್ಕೊಂಡೇ ಇಲ್ವಲ್ಲ?”

ಎಲ್ಲರೂ ನಕ್ಕರು. ಅವರು ಪುಟ ತಿರುವಿದರು. ಅಲ್ಲಿ, ನನ್ನನ್ನು ನೋಡಿ ಹೋಗಿದ್ದ ಗಂಡಿನ ಕಡೆಯವರು ಬೇಡವೆಂದು ಹೇಳಿಕಳಿಸಿದ ದಿನಾಂಕವಿತ್ತು. ಅದನ್ನೂ ಓದಿದರು. ಇವರನ್ನು ಆ ಕುರ್ಚಿಯಿಂದ ಏಳಿಸಬೇಕು ಎಂದು ಬಸ್ಸಿನಲ್ಲಿ ವಾಪಸು ಬರುವಾಗಲೇ ತೀರ್ಮಾನಿಸಿದೆ.

ಜುಲೈನಲ್ಲಿ ಡ್ರೈವರ್‌ಗಳ ಮೊಬೈಲಿಗೆ ಟ್ರ್ಯಾಕಿಂಗ್ ಆ್ಯಪ್ ಬಂತು. ಅದರಲ್ಲಿ ಮೂರು ಬಟನ್. ಇಂಗ್ಲಿಷಿನಲ್ಲಿದ್ದ ಅವನ್ನು ಕನ್ನಡಕ್ಕೆ ತರಲು ಮ್ಯಾನೇಜರ್ ನನಗೇ ಹೇಳಿದರು. ಹೊರಟೆ, ಬಂದೆ, ಇಳಿಸಿದೆ ಎಂದು ಬರೆದುಕೊಟ್ಟೆ. ‘ಬಂದೆ’ ಒತ್ತಿದ್ದಕ್ಕೂ ‘ಇಳಿಸಿದೆ’ ಒತ್ತಿದ್ದಕ್ಕೂ ನಡುವಿನ ಹೊತ್ತೇ ಲಾರಿ ಡಿಪೋದಲ್ಲಿ ಸುಮ್ಮನೆ ನಿಂತ ಹೊತ್ತು, ಅದು ಡಿಪೋದವರ ತಪ್ಪು ಎಂಬುದು ಲೆಕ್ಕ.

ಇಪ್ಪತ್ತಾರು ದಿನ, 212 ಟ್ರಿಪ್ ಕೂಡಿಸಿದೆ. ಗುಬ್ಬಿಯಲ್ಲಿ ಸರಾಸರಿ 50 ನಿಮಿಷ. ಕುಣಿಗಲ್‌ನಲ್ಲಿ ಒಂದು ಗಂಟೆ 34 ನಿಮಿಷ. ಬಟನ್ ಒತ್ತಿದಾಗ ಲಾರಿ ಎಲ್ಲಿತ್ತು ಎಂದು ತೋರಿಸುವ ಜಿಪಿಎಸ್ ಕಾಲಂ ಕೂಡ ಅದೇ ಆ್ಯಪ್‌ನಲ್ಲಿತ್ತು. ನಾನು ಅದನ್ನು ತೆರೆಯಲಿಲ್ಲ. ಬೇಕಾದ ಅಂಕಿ ಸಿಕ್ಕಿತ್ತು.

ವರದಿ ಓದಿದ ಮ್ಯಾನೇಜರ್ ಸಿದ್ದರಾಜು ಅವರನ್ನು ಗುಬ್ಬಿಗೆ ಹಾಕಿದರು. ಅವರೇ ಕೆಲಸ ಕಲಿಸಿದ್ದ ಮಂಜುನಾಥ ಅಲ್ಲಿ ಇನ್‌ಚಾರ್ಜ್. ಅವನ ಕೈಕೆಳಗೆ ಇವರು ಡಬ್ಬಗಳ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕು. ಆ ದಿನ ನಾನು ಊಟ ಚೆನ್ನಾಗಿ ಮಾಡಿದೆ.

ಸೆಪ್ಟೆಂಬರ್ 4ರಂದು ಕುಣಿಗಲ್‌ನ ಹೊಸ ಇನ್‌ಚಾರ್ಜ್‌ಗೆ ಆ್ಯಪ್ ಕಲಿಸಲು ಲಾರಿಯಲ್ಲೇ ಹೊರಟೆ. ಡ್ರೈವರ್ ನಂಜಣ್ಣ ಹೆಬ್ಬೂರಿನಲ್ಲಿ ತಿಂಡಿಗೆ ನಿಲ್ಲಿಸಿದರು. ಅಷ್ಟರಲ್ಲಿ ಡಿಪೋದಿಂದ ಫೋನ್.

“ಬಂದೆ ಕಣೋ, ಬಂದೆ ಬಂದೆ” ಎಂದವರೇ ಬಟನ್ ಒತ್ತಿ, ಎರಡು ಪ್ಲೇಟ್ ಇಡ್ಲಿ ಹೇಳಿದರು.

“ನಂಜಣ್ಣ, ನಾವಿನ್ನೂ ಹೆಬ್ಬೂರಲ್ಲಿದೀವಿ” ಎಂದೆ.

“ಅದ್ಕೇ ಮೇಡಂ ಒತ್ತಿದ್ದು. ಬಂದ್ಮೇಲೆ ಯಾರಾದ್ರೂ ಬಂದೆ ಅಂತಾರಾ? ಬಂದ್ಮೇಲೆ ಬಂದಿದೀನಿ ಅಂತೀವಿ.”

“ಎಲ್ರೂ ಹಿಂಗೇ ಒತ್ತೋದಾ?”

“ಇನ್ನೆಂಗೆ ಒತ್ತಾರು? ಬರ್ದಿರೋದೇ ಬಂದೆ ಅಂತ. ತಿನ್ನಿ, ಆರೋಗುತ್ತೆ.”

ಬಟನ್ ಒತ್ತಿದ ಮೇಲೆ ಕುಣಿಗಲ್ ಮುಟ್ಟಲು ಇನ್ನೂ 56 ನಿಮಿಷ ಹಿಡಿಯಿತು. ಗುಬ್ಬಿಯ ದಾರಿ ಚಿಕ್ಕದು, ತಿಂಡಿಗೆ ನಿಲ್ಲಿಸುವವರಿಲ್ಲ, ಅದಕ್ಕೇ ಅಲ್ಲಿನ ಅಂಕಿ ಅಷ್ಟು ಏರಿರಲಿಲ್ಲ. ಸಿದ್ದರಾಜು ಲಾರಿಗಳನ್ನು ನಿಲ್ಲಿಸಿಕೊಂಡಿರಲಿಲ್ಲ. ನನ್ನ ಕನ್ನಡ ಅವರನ್ನು ಗುಬ್ಬಿಗೆ ಕಳಿಸಿತ್ತು.

ನಾನು ಹೇಳಲಿಲ್ಲ. ಮರುದಿನ ‘ಬಂದೆ’ಯನ್ನು ‘ಡಿಪೋ ಒಳಗೆ ಬಂದಾಯ್ತು’ ಎಂದು ಬದಲಿಸಿ ಸುಮ್ಮನಾದೆ. ಕುಣಿಗಲ್‌ನಲ್ಲಿ ಕಾಯುವ ಹೊತ್ತು ಒಂದೇ ವಾರದಲ್ಲಿ 38 ನಿಮಿಷಕ್ಕೆ ಇಳಿಯಿತು. “ನೋಡಿದ್ಯೇನಮ್ಮ, ಆ ಮನುಷ್ಯ ಹೋದ್ಮೇಲೆ ಡಿಪೋ ಹೆಂಗಾಯ್ತು” ಎಂದರು ಮ್ಯಾನೇಜರ್. ಹೌದು ಸಾರ್ ಎಂದೆ. ಹೀಗೆ ಮೂವತ್ತೊಂದು ದಿನ ಕಳೆದವು.

ಅಕ್ಟೋಬರ್ 6ರಂದು ಸ್ಟಾಕ್ ನೋಡಲು ಗುಬ್ಬಿಗೆ ಹೋದೆ. ಸಿದ್ದರಾಜು ಸ್ಕ್ಯಾನರ್ ಹಿಡಿದು ನಿಂತಿದ್ದರು.

“ಬಟನ್ ಬದಲಾಯ್ಸಿದ್ಯಂತೆ. ನಂಜಣ್ಣ ಹೇಳ್ದ.”

“ಮತ್ತೆ ನೀವ್ಯಾಕೆ ಮ್ಯಾನೇಜರ್‌ಗೆ ಹೇಳ್ಲಿಲ್ಲ?”

“ನಾನು ಹೇಳಿದ್ರೆ ಹೊಟ್ಟೆಯುರಿಗೆ ಕತೆ ಕಟ್ತಾನೆ ಅಂತಾರೆ. ನೀನೂ ಹೇಳ್ಬೇಡ ಬುಡು. ಕಳ್ಳಾಟ ಯಾರ್ದು ಅಂತ ನಂಗೊತ್ತು, ನಿಂಗೊತ್ತು. ನಿನ್ನ ನೋಡ್ದಾಗೆಲ್ಲ ಹಿಂಗೇ ನಗ್ತಾ ಇರ್ತೀನಿ.”

ನಿಜವಾಗಿಯೂ ನಕ್ಕರು. ಆ ನಗೆಯನ್ನು ಅವರಿಗೆ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಮರುದಿನವೇ ಜಿಪಿಎಸ್ ಕಾಲಂ ಸಮೇತ ತಿದ್ದಿದ ವರದಿ ಕಳಿಸಿದೆ. ಅದರಲ್ಲಿ ನನಗೆ ಸತ್ಯ ಗೊತ್ತಾದ ದಿನಾಂಕವನ್ನೂ ಹಾಕಿದೆ. ಅವರು ಕುಣಿಗಲ್‌ಗೆ ಮರಳಿದರು. ನನಗೆ ವಾರ್ನಿಂಗ್ ಲೆಟರ್ ಬಂತು.

ಅವರು ಡೈರಿ ಓದಿದ್ದಕ್ಕೆ ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ನಾನು ಪ್ರತಿ ತಿಂಗಳ ವರದಿಯನ್ನು ಮ್ಯಾನೇಜರ್‌ಗಿಂತ ಮೊದಲು ಸಿದ್ದರಾಜು ಅವರಿಗೆ ಕಳಿಸುತ್ತೇನೆ. ನಮ್ಮನ್ನು ಮೆಚ್ಚುವವರು ಮೊತ್ತ ನೋಡಿ ಮುಚ್ಚಿಡುತ್ತಾರೆ. ಸಿದ್ದರಾಜು ಒಂದೊಂದು ಸಾಲನ್ನೂ ಕೆದಕುತ್ತಾರೆ. ಇದುವರೆಗೆ ನಾಲ್ಕು ತಪ್ಪು ಹಿಡಿದಿದ್ದಾರೆ, ನಾಲ್ಕನ್ನೂ ತಿದ್ದಿದ್ದೇನೆ. ಐದನೆಯದು ಅವರಿಗೆ ಸಿಗಬಾರದೆಂದು ನಾನು ಮಾಡುವಷ್ಟು ಎಚ್ಚರದ ಕೆಲಸವನ್ನು ಯಾವ ಟ್ರೈನಿಂಗೂ ನನಗೆ ಕಲಿಸಿರಲಿಲ್ಲ.