ಕತ್ತಲೆಯ ಕಡೆಗೆ ಎಳೆದ ಗೆರೆ

ನನ್ನ ನಾದಿನಿ ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದ ಮೇಲೆ, ಮತ್ತೆ ಹತ್ತಿ ಬಂದು ಬೀಗವನ್ನೊಮ್ಮೆ ಜಗ್ಗಿ ನೋಡದೆ ಎಂದೂ ಹೋದವಳಲ್ಲ. ಬಸ್ಸು ತಪ್ಪಿದರೂ ಸರಿ.

"ನಕ್ಷತ್ರದ ಹೊಟ್ಟೆಯೊಳಗಿನ ಬೆಂಕಿ ಲೆಕ್ಕ ಹಾಕೋಳಿಗೆ ಮನೆ ಬೀಗದ ಮೇಲೆ ನಂಬಿಕೆ ಇಲ್ಲ ನೋಡು," ಎಂದು ನನ್ನ ಯಜಮಾನರು ತಂಗಿಯನ್ನು ರೇಗಿಸುತ್ತಿದ್ದರು.

ಅವಳ ಕೆಲಸ ಅದೇ. ನಾನು ಹೆಚ್ಚು ಓದಿದವಳಲ್ಲ. ಬಟ್ಟೆ ಮಡಚುತ್ತ ಅವಳ ಮಾತು ಕೇಳಿ ಕೇಳಿ ಇಷ್ಟು ತಿಳಿದುಕೊಂಡೆ: ನಕ್ಷತ್ರದೊಳಗೆ ಇಂಗಾಲದ ಪರಮಾಣು ಬೀಜಕ್ಕೆ ಹೀಲಿಯಂ ಬೀಜ ಸೇರಿ ಆಮ್ಲಜನಕವಾಗುತ್ತದೆ. ಅಲ್ಲಿನ ಶಾಖದಲ್ಲಿ ಅದು ಎಷ್ಟು ಅಪರೂಪವೆಂದರೆ, ಪ್ರಯೋಗಶಾಲೆಯಲ್ಲಿ ಅಳೆಯಲಾಗದು. ಬೀಜಗಳನ್ನು ಹೆಚ್ಚಿನ ವೇಗದಲ್ಲಿ ಡಿಕ್ಕಿ ಹೊಡೆಸಿ ಅಳೆದ ಅಂಕಿಗಳಿಗೆ ಒಂದು ಗೆರೆ ಹೊಂದಿಸಿ, ಆ ಗೆರೆಯನ್ನು ಕಾಣದ ಕತ್ತಲೆಯ ಕಡೆಗೆ ಎಳೆಯಬೇಕು. ಅವಳಿಗೆ ಹೆಸರು ಬಂದದ್ದು ಆ ಗೆರೆಯಿಂದ. ಬರಲಿದ್ದ ಸಂದರ್ಶನದಲ್ಲಿ ಅವಳ ಕೆಲಸ ಕಾಯಂ ಆಗಬೇಕಾದದ್ದೂ ಅದರ ಬಲದಿಂದಲೇ.

ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ಅವಳು ಬೇಗ ಬಂದಳು. ಚಪ್ಪಲಿ ಬಿಡದೆ ನೇರ ಅಡುಗೆಮನೆಗೆ ಬಂದು ನಿಂತಳು.

"ಅತ್ತಿಗೆ, ಗೆರೆ ತಪ್ಪಿರಬಹುದು."

"ಕೂತ್ಕೊಂಡು ಹೇಳು."

ಕೂರಲಿಲ್ಲ. "ಗೆರೆಯ ಲೆಕ್ಕದಲ್ಲಿ ಎರಡು ಪರಿಣಾಮ ಸೇರೋ ಕಡೆ ಕೂಡೋ ಚಿಹ್ನೆ ಹಾಕಿದ್ದೆ. ಕಳೆಯೋ ಚಿಹ್ನೆ ಹೊಂದೋದೇ ಇಲ್ಲ ಅಂತ ಪ್ರಬಂಧದಲ್ಲಿ ಬರೆದೂ ಬಿಟ್ಟಿದ್ದೆ. ಇವತ್ತು ಕಂಪ್ಯೂಟರಲ್ಲಿ ಹುಡುಕಾಟಾನ ಬೇರೆ ಕಡೆಯಿಂದ ಶುರು ಮಾಡಿದೆ. ಕಳೆಯೋದೂ ಹೊಂದುತ್ತೆ. ಅಷ್ಟೇ ಚೆನ್ನಾಗಿ. ಆದರೆ ಆಗ ಗೆರೆ ಬೇರೆ ಕಡೆಗೆ ಹೋಗುತ್ತೆ."

"ಮೊದಲು ಯಾಕೆ ಸಿಗಲಿಲ್ಲ?"

"ಕಣ್ಣು ಕಟ್ಕೊಂಡು ಗುಡ್ಡ ಇಳಿಯೋರು ಮೊದಲು ಸಿಕ್ಕ ಹಳ್ಳಾನೇ ತಳ ಅಂದ್ಕೊಳ್ಳಲ್ವಾ, ಹಾಗೆ. ಪ್ರತಿ ಸಲ ಒಂದೇ ಜಾಗದಿಂದ ಇಳಿದಿದೀನಿ." ಹೆಗಲಿನ ಚೀಲವನ್ನು ನೆಲಕ್ಕಿಟ್ಟಳು. "ನನ್ನ ಅಂಕಿ ನಂಬಿ ಯಾರ್ಯಾರು ಏನೇನು ಲೆಕ್ಕ ಕಟ್ಟಿದಾರೋ. ನಾಳೆ ನನ್ನನ್ನ ಹೊರಗೆ ಕಳಿಸ್ತಾರೆ ಅತ್ತಿಗೆ."

ಅಷ್ಟರಲ್ಲಿ ಫೋನು ಬಂತು. ಅವಳ ಜೊತೆ ಆ ಪ್ರಬಂಧ ಬರೆದ ಗುರುಗಳು; ದಾರಿಯಲ್ಲೇ ಅವರಿಗೆ ವಿಷಯ ತಿಳಿಸಿದ್ದಳಂತೆ. ನನಗೂ ಕೇಳಲೆಂದು ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದಳು.

"ನೋಡಮ್ಮ, ಇದಿನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ನಾಳೆದು ಮುಗೀಲಿ. ಆಮೇಲೆ ತಿದ್ದುಪಡಿ ನಾನೇ ಬರೀತೀನಿ, ತಪ್ಪು ನಂದೇ ಅಂತ. ನನಗೇನು, ನಿವೃತ್ತಿ ಹತ್ತಿರ. ನೀನು ನಾಳೆ ಸುಮ್ಮನಿರು, ಅಷ್ಟು ಸಾಕು."

ಅವಳು ನನ್ನನ್ನೇ ನೋಡಿದಳು. ಗುರುಗಳ ಮಾತಿಗೆ ಒಪ್ಪಲಿ ಎಂದು ದೇವರನ್ನು ಬೇಡಲು ಹೊರಟವಳು ನಾನು ಅರ್ಧಕ್ಕೇ ನಿಲ್ಲಿಸಿದೆ. ಹಾಗೆ ಬೇಡುವುದು ಸರಿಯೆನಿಸಲಿಲ್ಲ. ಧೈರ್ಯ ಕೊಡು ಎಂದಷ್ಟೇ ಅಂದುಕೊಂಡೆ. ಅವಳು ಫೋನಿನ ಕಡೆಗೆ ಬಾಗಿದಳು.

"ಬೇಡ ಸರ್," ಎಂದಳು. "ನಾಳೆ ಒಳಗೆ ಹೋದ ತಕ್ಷಣ ನಾನೇ ಹೇಳ್ತೀನಿ."