ಆವಲಮ್ಮಕ್ಕನ ಸೀರೆ

ನಮ್ಮೂರಿನಲ್ಲಿ ಆವಲಮ್ಮ ಎಂದು ಕೇಳಿಕೊಂಡು ಬಂದವರಿಗೆ ಮೊದಲು ಯಾವ ಆವಲಮ್ಮ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಸೀರೆ ಆವಲಮ್ಮ ಎಂದರೆ ಸಾಕು, ಸೀದಾ ನಮ್ಮ ಮನೆ ತೋರಿಸುತ್ತಿದ್ದರು. ಆ ಹೆಸರಿಟ್ಟವರು ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಲ್ಲುವ ಹೆಂಗಸರು. ನನ್ನ ಬಾಯಿಯೇನೂ ಸಣ್ಣದಲ್ಲ, ಆದರೂ ಅವರ ಬಾಯಿ ಮುಚ್ಚಿಸಲು ನನ್ನಿಂದ ಆಗಲಿಲ್ಲ. ಈಗ ಯಾರೂ ಹಾಗೆ ಕರೆದು ನಗುವುದಿಲ್ಲ. ನಗು ಹೇಗೆ ನಿಂತಿತು ಎನ್ನುವುದನ್ನು ಹೇಳುತ್ತೇನೆ, ಕೇಳಿ.

ಆವಲಮ್ಮಕ್ಕ ನನಗೆ ಓರಗಿತ್ತಿ. ನನ್ನ ಗಂಡ ಸುಬ್ರಮಣಿಯ ಅಣ್ಣ ವೆಂಕಟರಮಣಪ್ಪನವರ ಹೆಂಡತಿ. ತವರು ಗೌನಿಪಲ್ಲಿಯ ಕಡೆ, ಮಾವಿನ ತೋಟದ ಮನೆ. ಅಲ್ಲೆಲ್ಲ ತೆಲುಗು. ಇಲ್ಲಿಗೆ ಬಂದು ಇಷ್ಟು ವರ್ಷವಾದರೂ ಬೆರಳಿಗೆ ಕುಡುಗೋಲು ತಗುಲಿದರೆ ಅವಳ ಬಾಯಲ್ಲಿ ಬರುವುದು ತೆಲುಗೇ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ರೇಷ್ಮೆ ಹುಳುವಿನ ಕೆಲಸ ಒಂದಿಷ್ಟೂ ಗೊತ್ತಿರಲಿಲ್ಲ. ಹುಳುವನ್ನು ಮುಟ್ಟುವುದಕ್ಕೇ ಅಸಹ್ಯಪಡುತ್ತಿದ್ದೆ. ಅವಳು ಒಂದು ದಿನವೂ ಗದರಲಿಲ್ಲ. ಸೊಪ್ಪನ್ನು ಎಷ್ಟು ಸಣ್ಣಗೆ ಕತ್ತರಿಸಬೇಕು, ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದದ್ದನ್ನು ಹೇಗೆ ತಿಳಿಯಬೇಕು ಎಂಬುದನ್ನೆಲ್ಲ ಮಾಡಿ ತೋರಿಸುತ್ತಾ ಕಲಿಸಿದಳು. ಮಾತು ನನ್ನದು, ಕೆಲಸ ಅವಳದು ಎಂದು ಮನೆಯಲ್ಲಿ ಎಲ್ಲರೂ ರೇಗಿಸುತ್ತಿದ್ದರು.

ಅವಳಿಗೆ ಒಂದು ಅಭ್ಯಾಸ. ಸೆರಗನ್ನು ಎರಡೂ ಭುಜಕ್ಕೆ ಹೊದ್ದು, ಸುತ್ತಿ ತಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಹುಳುಮನೆಯ ಬಾಗಿಲು ಕಿಟಕಿಗೆಲ್ಲ ಪರದೆ ಎಳೆದಿದ್ದರೂ, ಒಳಗೆ ಉಸಿರು ಕಟ್ಟುವ ಸೆಕೆಯಿದ್ದರೂ ಆ ಸೆರಗು ಜಾರುತ್ತಿರಲಿಲ್ಲ. ನಾನು ತಡೆಯಲಾರದೆ, ಹುಳುಗಳೇನು ನಿನ್ನನ್ನೇ ನೋಡುತ್ತಾವಾ ಅಕ್ಕ ಎಂದು ಕೇಳಿದ್ದೆ. ಅವಳ ಮಗಳು ಚಂದನ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದಳು. ಕೊನೆಗೆ ಅಕ್ಕನೂ ನಕ್ಕಳು. ಅವಳನ್ನು ನಗಿಸುವ ಶಕ್ತಿ ಇದ್ದದ್ದು ಆ ಹುಡುಗಿಗೆ ಮಾತ್ರ.

ಬೋರಿನಲ್ಲಿ ನೀರು ಸಣ್ಣಗಾದ ಮೇಲೆ ಹಿಪ್ಪುನೇರಳೆ ತೋಟದ ಮೂಲೆಯಲ್ಲಿ ಕೃಷಿ ಹೊಂಡ ತೆಗೆಸಿದೆವು. ಕರೆಂಟು ಬಂದಾಗ ಬೋರಿನ ನೀರನ್ನು ಅದಕ್ಕೆ ಬಿಟ್ಟು, ಬೇಕಾದಾಗ ಅಲ್ಲಿಂದ ಗಿಡಕ್ಕೆ ಬಿಡುವುದು. ಎರಡಾಳು ಆಳ, ಸುತ್ತಲೂ ಇಳಿಜಾರು, ತಳದಿಂದ ಅಂಚಿನವರೆಗೆ ಕಪ್ಪು ಟಾರ್ಪಾಲು. ತುಂಬಿದ ದಿನ ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿದೆವು. ಬಿದ್ದವರು ಹತ್ತಿ ಬರುವುದು ಹೇಗೆ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಬೇಕಿತ್ತು, ಕೇಳಲಿಲ್ಲ. ಟಾರ್ಪಾಲಿನ ಮೇಲೆ ಪಾಚಿ ಕಟ್ಟಿತು. ಒಮ್ಮೆ ಒಂದು ನಾಯಿ ಒಳಗೆ ಬಿದ್ದು, ಸುತ್ತಿ ಸುತ್ತಿ ಈಜಿ, ಉಗುರು ನಾಟದೆ ಸತ್ತುಹೋಯಿತು. ಅದನ್ನು ಕೋಲಿನಿಂದ ಎಳೆದು ಹಾಕಿ ನಮ್ಮ ಪಾಡಿಗೆ ನಾವು ಸೊಪ್ಪು ಕೊಯ್ಯಲು ಹೋದೆವು. ನಾಲ್ಕು ಕಾಲಿನ ಪ್ರಾಣಿಗೇ ಆಗಲಿಲ್ಲ, ಎರಡು ಕಾಲಿನ ನಮಗೆ ಆಗುತ್ತದಾ ಎಂಬ ಬುದ್ಧಿ ನಮಗೆ ಬರಲಿಲ್ಲ.

ಈಜು ನಮ್ಮ ಕಡೆ ಯಾರಿಗೆ ಬರುತ್ತದೆ? ನಾವು ದೊಡ್ಡವರಾಗುವ ಹೊತ್ತಿಗೆ ಕೆರೆಗಳೆಲ್ಲ ಒಣಗಿದ್ದವು. ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿದವರು, ಕುರಿ ಮೇಯಿಸಿದವರು ನಮ್ಮ ಗಂಡಸರು. ಈಗ ಬೆಂಗಳೂರಿನವರು ಬಳಸಿ ಬಿಟ್ಟ ನೀರು ಪೈಪಿನಲ್ಲಿ ಬಂದು ಕೆರೆ ತುಂಬಿದೆ. ತುಂಬಿದ ಕೆರೆಯನ್ನು ಏರಿಯ ಮೇಲೆ ನಿಂತು ನೋಡುತ್ತಾರೆ, ಅಷ್ಟೇ.

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ ಚಂದ್ರಿಕೆ ತೊಳೆಯುವುದು ಹುಳು ಸಾಕುವ ಮನೆಗಳ ಪದ್ಧತಿ. ಚಂದ್ರಿಕೆ ಎಂದರೆ ಹುಳುಗಳು ಗೂಡು ಕಟ್ಟಲು ನಾವು ಕೊಡುವ ತಟ್ಟೆ. ಮೊದಲು ಬಿದಿರಿನದಿತ್ತು, ಈಗ ಪ್ಲಾಸ್ಟಿಕ್ಕಿನದು. ಹಳೆಯ ಬೆಳೆಯ ರೋಗ ಹೊಸ ಹುಳುವಿಗೆ ತಗುಲಬಾರದೆಂದು ತಿಕ್ಕಿ ತೊಳೆದು ಬಿಸಿಲಿಗಿಡಬೇಕು. ಮೊದಲು ಬೋರಿನ ತೊಟ್ಟಿಯ ಹತ್ತಿರ ತೊಳೆಯುತ್ತಿದ್ದೆವು. ಹೊಂಡ ಬಂದ ಮೇಲೆ ಕೈಗೆ ನೀರು ಎಟುಕುತ್ತದೆಂದು ಅದರ ಅಂಚಿಗೇ ಕೂತು ತೊಳೆಯುವುದು ಅಭ್ಯಾಸವಾಯಿತು.

ಆ ದಿನ ಗಂಡಸರಿಬ್ಬರೂ ಗೂಡು ತೆಗೆದುಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಹುಳುಮನೆಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದೆ. ತಾಯಿ ಮಗಳು ಹೊಂಡದ ಹತ್ತಿರ ಇದ್ದರು. ಚಂದನ ಪಿಯುಸಿ ಎರಡನೇ ವರ್ಷ, ಕಾಲೇಜಿಗೆ ರಜೆ. ತೊಳೆಯುತ್ತಿದ್ದ ಒಂದು ಚಂದ್ರಿಕೆ ಅವಳ ಕೈ ಜಾರಿ ನೀರಿನ ಮೇಲೆ ತೇಲಿಕೊಂಡು ಹೋಯಿತು. ಅದನ್ನು ಹಿಡಿಯಲು ಅವಳು ಟಾರ್ಪಾಲಿನ ಮೇಲೆ ಒಂದು ಕಾಲಿಟ್ಟಳು. ಅಷ್ಟೇ ನಡೆದದ್ದು.

ಅಕ್ಕನ ಕೂಗು ಕೇಳಿ ನಾನು ಓಡುವ ಹೊತ್ತಿಗೆ ಪಕ್ಕದ ಹೊಲದ ಕದಿರೇಶನೂ ಅವನ ಟ್ರ್ಯಾಕ್ಟರಿನಲ್ಲಿದ್ದ ಕೂಲಿಯವರೂ ಹೊಂಡದ ಸುತ್ತ ನಿಂತಿದ್ದರು. ಅಷ್ಟು ಗಟ್ಟಿಮುಟ್ಟಾದ ಗಂಡಸರು, ಒಬ್ಬನಿಗೂ ಈಜು ಬಾರದು. ಯಾರೋ ಹಗ್ಗ ತಂದರು. ಹಗ್ಗ ಹಿಡಿಯುವ ಕೈ ಆಗಲೇ ನೀರಿನ ಮೇಲೆ ಇರಲಿಲ್ಲ. ಚಂದ್ರಿಕೆ ಮಾತ್ರ ತೇಲುತ್ತಿತ್ತು. ನನ್ನ ಕೈಯಲ್ಲಿ ಬೆಳೆದ ಹುಡುಗಿಯನ್ನು ಫೈರ್ ಇಂಜಿನ್‌ನವರು ಬಂದು ಹೊರಗೆ ತೆಗೆದರು.

ತಿಥಿಗೆ ಬಂದ ನೆಂಟರೆಲ್ಲ ಗಂಗಮ್ಮ ಕರೆದುಕೊಂಡಳು ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಟಾರ್ಪಾಲು ಹಾಸಿದ್ದು ಗಂಗಮ್ಮ ಅಲ್ಲ, ನಾವು ಎಂದು ಎಲೆಯ ಮುಂದೆ ಕೂತವರ ಎದುರಿಗೇ ಅಂದುಬಿಟ್ಟೆ. ಭಾವ ತಲೆ ತಗ್ಗಿಸಿಕೊಂಡು ಎದ್ದು ಹೋದರು.

ಅಕ್ಕ ಅಳುವುದನ್ನು ನಿಲ್ಲಿಸಿದ ಮೇಲೆ ಒಂದು ದಿನ, ಸೊಪ್ಪು ಕೊಯ್ಯುತ್ತಿದ್ದಾಗ, ನಾನು ಕೇಳದೆಯೇ ಹೇಳಿದಳು. ಚಂದನ ಬಿದ್ದಾಗ ಕೂಗಲೂ ಇಲ್ಲವಂತೆ. ಟಾರ್ಪಾಲಿನ ಮಡಿಕೆ ಹಿಡಿಯುವುದು, ಜಾರುವುದು, ಮತ್ತೆ ಹಿಡಿಯುವುದು, ಅದನ್ನೇ ಮಾಡುತ್ತಿದ್ದಳಂತೆ. ನಡುವೆ ಒಂದು ಸೀರೆಯ ಉದ್ದವೂ ಇರಲಿಲ್ಲ. ಸೀರೆ ಬಿಚ್ಚಿ ಎಸೆಯಬೇಕೆಂದು ಅಕ್ಕನಿಗೆ ಹೊಳೆದಿತ್ತು. ಸೆರಗನ್ನು ಭುಜದಿಂದ ಎಳೆದೂ ಆಗಿತ್ತು. ಅದೇ ಹೊತ್ತಿಗೆ ಬಂಡಿದಾರಿಯಲ್ಲಿ ಟ್ರ್ಯಾಕ್ಟರು ಬಂತು, ಹಿಂದೆ ಗಂಡಾಳುಗಳು ಕೂತಿದ್ದರು. ಅವಳ ಕೈ ಅವಳನ್ನು ಕೇಳದೆ ಸೆರಗನ್ನು ಮತ್ತೆ ಭುಜದ ಮೇಲೆ ಹಾಕಿಕೊಂಡಿತು. ಬನ್ನಿ ಬನ್ನಿ ಎಂದು ಕೂಗುತ್ತಾ ಅವರ ಕಡೆ ಓಡಿದಳು.

ಇದನ್ನು ಕೇಳಿ ನಾನು ಕುಡುಗೋಲು ಕೆಳಗಿಟ್ಟೆ. ಯಾರಾದರೂ ಏನು ಹೇಳುತ್ತಿದ್ದರೋ ನಾನೂ ಅದನ್ನೇ ಹೇಳಿದೆ. ಅಕ್ಕ, ಅವಳ ಭಾರಕ್ಕೆ ಆ ಸೀರೆ ಎಲ್ಲಿ ನಿಲ್ಲುತ್ತಿತ್ತು, ಹರಿದೇ ಹೋಗುತ್ತಿತ್ತು ಎಂದೆ.

"ಹರಿದೋಗ್ತಿತ್ತಾ ಮುನಿಲಕ್ಷ್ಮಿ?"

"ಹೂಂ ಅಕ್ಕ. ಹರಿದೇ ಹೋಗ್ತಿತ್ತು."

ಆವತ್ತು ರಾಗಿಮುದ್ದೆಯನ್ನು ಪೂರ್ತಿ ತಿಂದಳು. ಆಮೇಲೆ ಆ ಪ್ರಶ್ನೆ ಅವಳಿಗೆ ಬೇಕೇಬೇಕಾಯಿತು. ಹಾಲು ಕರೆಯುತ್ತಿರುವಾಗ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದಂತೆ ಕೇಳುತ್ತಿದ್ದಳು. ನಾನು ಹರಿದುಹೋಗುತ್ತಿತ್ತು ಎನ್ನಬೇಕು. ಅಂದರೆ ಎದ್ದು ಕೆಲಸಕ್ಕೆ ಹೋಗುತ್ತಿದ್ದಳು.

ಭಾವ ಹೊಂಡ ಮುಚ್ಚಿಸುತ್ತೇನೆಂದು ನೀರು ಖಾಲಿ ಮಾಡಿಸಿದರು. ಬೇಸಿಗೆಯಲ್ಲಿ ಹಿಪ್ಪುನೇರಳೆ ಬಾಡಿತು, ಮತ್ತೆ ತುಂಬಿಸಲೇಬೇಕಾಯಿತು. ಈ ಸಲ ಸುತ್ತ ಕಲ್ಲುಕಂಬ ನೆಟ್ಟು ತಂತಿ ಬೇಲಿ ಹಾಕಿಸಿದರು. ಗಂಟು ಗಂಟು ಹಾಕಿದ ಹಗ್ಗವನ್ನು ಒಂದು ಕಂಬಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟರು. ಅಕ್ಕನಿಗೆ ಅಷ್ಟು ಸಾಲಲಿಲ್ಲ. ಊರಲ್ಲಿ ಯಾರು ಹೊಂಡ ತೆಗೆಸಿದರೂ ಅಲ್ಲಿಗೆ ಹೋಗುತ್ತಿದ್ದಳು. ಜನ್ಮದಲ್ಲಿ ನಾಲ್ಕು ಮಂದಿಯ ಎದುರು ಬಾಯಿ ಬಿಡದವಳು ಆ ಮನೆಯ ಹೆಂಗಸರನ್ನು ಕರೆದು ನಿಲ್ಲಿಸಿ ಹೇಳುತ್ತಿದ್ದಳು. ಬಿದ್ದವರ ಹಿಂದೆ ನೀವು ಇಳಿಯಬೇಡಿ. ಮೊದಲು ಖಾಲಿ ಬಿಂದಿಗೆ ಎಸೆಯಿರಿ, ಅದು ತೇಲುತ್ತದೆ. ಹಗ್ಗ ಇಲ್ಲದಿದ್ದರೆ ಸೀರೆ ಬಿಚ್ಚಿ, ಒಂದು ಕೊನೆಯನ್ನು ಕಂಬಕ್ಕೆ ಸುತ್ತಿ, ಬದುವಿನ ಮೇಲೆ ಮಲಗಿ ಎಸೆಯಿರಿ.

ಸೀರೆಯ ಮಾತು ಬಂದ ಕೂಡಲೇ ಹೆಂಗಸರು ಕಿಸಕ್ಕನೆ ನಗುತ್ತಿದ್ದರು. ಗಂಡಸರಿದ್ದರೆ ಏನಮ್ಮ ಮಾಡೋದು ಎಂದು ಒಬ್ಬಳು ಕೇಳಿದಳು.

"ಮಾನಾನ ಆಮೇಲೆ ಉಟ್ಕೊಬಹುದು ಕಣ್ರಮ್ಮ," ಅಂದಳು ಅಕ್ಕ.

ಸೀರೆ ಆವಲಮ್ಮ ಎಂಬ ಹೆಸರು ಬಿದ್ದದ್ದು ಅಲ್ಲಿಂದ. ಭಾವನಿಗೆ ಅವಮಾನವಾಗಿ, ಇನ್ನು ಸಾಕು ಎಂದು ನೀನಾದರೂ ಹೇಳು ಎಂದು ನನ್ನನ್ನು ಕೇಳಿದರು. ನಾನು ಹೇಳಲಿಲ್ಲ. ನನಗೆ ಗೊತ್ತಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅದೇ ಹೊಂಡಕ್ಕೆ ನಾನು ಬಿದ್ದೆ. ಹೌದು, ಊರಿಗೆಲ್ಲ ಬುದ್ಧಿ ಹೇಳುವ ನಾನೇ. ಮೋಟಾರು ಓಡುತ್ತಿದ್ದರೂ ಗಿಡಕ್ಕೆ ನೀರು ಬರುತ್ತಿರಲಿಲ್ಲ, ಪೈಪಿನ ಬಾಯಿಗೆ ಪಾಚಿ ಸಿಕ್ಕಿಕೊಂಡಿತ್ತು. ಬೇಲಿಯ ಗೇಟು ತೆಗೆದು ಒಳಗೆ ಹೋಗಿ ಬಗ್ಗಿ ಪೈಪು ಅಲ್ಲಾಡಿಸಿದೆ. ಕಾಲು ಯಾವಾಗ ಜಾರಿತೋ ತಿಳಿಯಲಿಲ್ಲ. ಮೇಲಿನ ನೀರು ಬೆಚ್ಚಗೆ, ಕೆಳಗಿನದು ಕೊರೆಯುವ ಹಾಗೆ ತಣ್ಣಗೆ. ಕಾಲಿಗೆ ಟಾರ್ಪಾಲು ಸಿಗುತ್ತದೆ, ಸಿಕ್ಕ ಕೂಡಲೇ ಜಾರುತ್ತದೆ. ಕಂಬದಲ್ಲಿ ಹಗ್ಗ ಇರಲಿಲ್ಲ. ಹುಲ್ಲಿನ ಹೊರೆ ಕಟ್ಟಬೇಕೆಂದು ನನ್ನ ಗಂಡ ಬಿಚ್ಚಿಕೊಂಡು ಹೋಗಿದ್ದ, ಸಂಜೆ ತಂದು ಕಟ್ಟುತ್ತೇನೆ ಎಂದಿದ್ದ. ಸಾಯುವಾಗ ದೇವರು ನೆನಪಾಗುತ್ತಾನೆ ಎನ್ನುತ್ತಾರಲ್ಲ, ನನಗೆ ನೆನಪಾದದ್ದು ಸುಬ್ರಮಣಿ. ಅವನಿಗೆ ಬೈಯಲಾದರೂ ಬದುಕಬೇಕು ಅನ್ನಿಸಿತು.

ನೀರು ಕುಡಿದು ಮೇಲೆ ಬಂದಾಗ ಅಕ್ಕ ಸೊಪ್ಪಿನ ಹೊರೆ ಎಸೆದು ಓಡಿಬರುವುದು ಕಂಡಿತು. ಪಕ್ಕದ ಹೊಲದಲ್ಲಿ ಕದಿರೇಶ ಆಳುಗಳನ್ನಿಟ್ಟುಕೊಂಡು ಟೊಮೆಟೊ ಬಾಕ್ಸು ತುಂಬಿಸುತ್ತಿದ್ದ. ಅಕ್ಕ ಒಂದು ಸಲ ಅವರ ಕಡೆ ನೋಡಿದಳು. ಆಮೇಲೆ ಸೆರಗು ಎಳೆದಳು, ನೆರಿಗೆ ಕಿತ್ತಳು, ಸೀರೆಯನ್ನು ಮೈಯಿಂದ ಪೂರ್ತಿ ಬಿಡಿಸಿದಳು. ಒಂದು ಕೊನೆಗೆ ಬೇಲಿಯ ಹತ್ತಿರ ಇಟ್ಟಿದ್ದ ಖಾಲಿ ಪ್ಲಾಸ್ಟಿಕ್ ಬಿಂದಿಗೆ ಬಿಗಿದು, ಇನ್ನೊಂದನ್ನು ಕಲ್ಲುಕಂಬಕ್ಕೆ ಸುತ್ತಿ, ಲಂಗ ರವಿಕೆಯಲ್ಲಿ ಬದುವಿನ ಮೇಲೆ ಬೋರಲು ಮಲಗಿ ಎಸೆದಳು. ಬಿಂದಿಗೆ ನನ್ನ ಮುಖದ ಹತ್ತಿರವೇ ಬಿತ್ತು.

"ಪಟ್ಟುಕೋ! ವದಲೊದ್ದು!"

ಹಿಡಿದುಕೋ, ಬಿಡಬೇಡ ಎಂದು ತೆಲುಗಿನಲ್ಲಿ ಕೂಗುತ್ತಿದ್ದಳು. ಅವಳು ಕೂಗುತ್ತಿದ್ದದ್ದು ನನ್ನನ್ನೋ ಚಂದನಳನ್ನೋ ನನಗೆ ಗೊತ್ತಿಲ್ಲ. ನಾನು ಬಿಂದಿಗೆ ತಬ್ಬಿದೆ, ಸೀರೆಯನ್ನು ಕೈಗೆ ಸುತ್ತಿಕೊಂಡೆ. ನಾನೇನು ಚಂದನಳಂತೆ ಕಡ್ಡಿಯಲ್ಲ, ಎರಡು ಹೆತ್ತ ದಪ್ಪ ಹೆಂಗಸು. ಅಂಥವಳನ್ನು ಅವಳು ಒಬ್ಬಳೇ ಅಂಚಿನವರೆಗೆ ಎಳೆದಳು. ಆಮೇಲೆ ಕದಿರೇಶ ಬಂದು ಕೈ ಹಾಕಿದ. ನನ್ನನ್ನು ಮೇಲಕ್ಕೆ ಎಳೆದ ಮೇಲೆ ಹೆಗಲ ಮೇಲಿದ್ದ ಟವೆಲನ್ನು ಮುಖ ಆಚೆ ತಿರುಗಿಸಿಕೊಂಡೇ ಅಕ್ಕನಿಗೆ ಕೊಟ್ಟ. ಆಳುಗಳೂ ಬೆನ್ನು ತಿರುಗಿಸಿ ನಿಂತಿದ್ದರು. ಒಬ್ಬನಾದರೂ ನಗಲಿಲ್ಲ.

ನಾನು ನೀರು ಕಕ್ಕುತ್ತಾ ಕೂತಿದ್ದೆ. ಡೈರಿಯ ಹೆಂಗಸರೆಲ್ಲ ಓಡಿಬಂದರು. ಒಬ್ಬಳು ಅಕ್ಕನ ಕಾಲು ಹಿಡಿದುಕೊಂಡು ಅತ್ತಳು. ಅಕ್ಕನಿಗೆ ಅದು ಯಾವುದೂ ಬೇಕಿರಲಿಲ್ಲ. ಕಂಬದಿಂದ ಸೀರೆ ಬಿಡಿಸಿಕೊಂಡು, ಹಿಂಡಿ, ಬೇಲಿಯ ಮೇಲೆ ಹರವಿ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಕೈಯಾಡಿಸಿದಳು. ಬಿಸಿಲಿಗೆ ಹಿಡಿದು ಹಿಡಿದು ನೋಡಿದಳು. ಸುಕ್ಕು ಬಿಡಿಸುತ್ತಿದ್ದಾಳೆ ಎಂದುಕೊಂಡೆ ನಾನು.

ಸಂಜೆ ಮೈ ಬೆಚ್ಚಗಾದ ಮೇಲೆ ಅವಳ ಹತ್ತಿರ ಹೋದೆ. ಬೇರೆ ಸೀರೆ ಉಟ್ಟು ಜಗುಲಿಯ ಮೇಲೆ ಕೂತಿದ್ದಳು. ಒಣಗಿದ ಸೀರೆ ಮಡಿಲಲ್ಲಿತ್ತು. ಹೊಲದ ಕೆಲಸಕ್ಕೆ ಉಡುತ್ತಿದ್ದ ಹಳೆಯ ಸೀರೆ, ಬಣ್ಣ ಪೂರ್ತಿ ಹೋಗಿತ್ತು. ನನ್ನ ಜೀವ ಉಳಿಸಿದೆ ಅಕ್ಕ ಎಂದು ಹೇಳಿ ಅಳಬೇಕೆಂದು ಹೋಗಿದ್ದೆ. ಅವಳೇ ಮೊದಲು ಮಾತಾಡಿದಳು.

"ಹರೀಲಿಲ್ಲ ಮುನಿಲಕ್ಷ್ಮಿ. ಒಂದು ಎಳೇನೂ ಬಿಟ್ಕೊಂಡಿಲ್ಲ ನೋಡು."

ಅವಳು ಬಿಸಿಲಿಗೆ ಹಿಡಿದು ಹುಡುಕುತ್ತಿದ್ದದ್ದು ಏನನ್ನು ಎಂದು ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷ ಅವಳನ್ನು ಎದ್ದು ಓಡಾಡಿಸಿದ್ದು ಒಂದೇ ಮಾತು, ಆ ಮಾತನ್ನು ಸುಳ್ಳು ಮಾಡಿ ನಾನು ಬದುಕಿ ಅವಳ ಮುಂದೆ ನಿಂತಿದ್ದೆ. ಎಂದಿನಂತೆ ನನ್ನ ಬಾಯಿ ಮುಂದಾಯಿತು.

"ಇದು ಗಟ್ಟಿ ಸೀರೆ ಅಕ್ಕ, ಅದಕ್ಕೇ ಹರೀಲಿಲ್ಲ. ಆವತ್ತು ನೀನು ಉಟ್ಟಿದ್ದು ಬೇರೆ. ಅದು ಹರಿದೇ ಹೋಗ್ತಿತ್ತು."

ಅಕ್ಕ ಮಡಿಲಲ್ಲಿದ್ದ ಸೀರೆಯನ್ನು ಮಡಿಸಿ, ಅದರ ಮೇಲೆ ಕೈ ಇಟ್ಟುಕೊಂಡಳು.

"ಇದೇ ಕಣೇ ಅದು. ಆವತ್ತು ಇನ್ನೂ ಹೊಸದು."

ನಾನು ಅವಳ ಪಕ್ಕದಲ್ಲೇ ಕೂತೆ. ಆಮೇಲೆ ಅವಳು ನನ್ನನ್ನು ಆ ಪ್ರಶ್ನೆ ಕೇಳಿಲ್ಲ.